ನೆಲಮಂಗಲದ ಸೂರ್ಯನನ್ನು ಅಳೆಯುತ್ತ

ಪಾಠೋಪಕರಣ ಮಾಡುವುದೆಂದರೆ ನನಗೆ ಊಟ, ನಿದ್ದೆ ಎರಡೂ ಮರೆಯುತ್ತವೆ. ಶನಿವಾರ ಶಾಲೆ ಬಿಟ್ಟ ಮೇಲೆ ಗುಜರಿ ಅಂಗಡಿಯ ಮುಂದೆ ಕೂತರೆ ಏಳಲು ಮನಸ್ಸಾಗುವುದಿಲ್ಲ. ತುಮಕೂರು ರಸ್ತೆಯಿಂದ ಹಾಸನದ ರಸ್ತೆ ಕವಲೊಡೆಯುವ ಊರು ನಮ್ಮದು. ಇಲ್ಲಿ ಬಂದು ಬೀಳದ ಸಾಮಾನಿಲ್ಲ. ಸೈಕಲ್ ಕಡ್ಡಿ, ಕೆಟ್ಟ ಡಿವಿಡಿ ಪ್ಲೇಯರು, ತಾಮ್ರದ ತಂತಿ, ಯಾವುದನ್ನು ಕೈಗೆತ್ತಿಕೊಂಡರೂ ಅದರೊಳಗೊಂದು ಪಾಠ ಕಾಣಿಸುತ್ತದೆ.

ಪರಿಸರ, ಸೌರಶಕ್ತಿ, ಪವನಶಕ್ತಿ ಕಲಿಸಲು ಅಂಗಡಿಯಲ್ಲಿ ಚೆಂದದ ಚಾರ್ಟುಗಳೂ ಕಿಟ್ಟುಗಳೂ ಸಿಗುತ್ತವೆ. ಬೇಡವೆನ್ನುವುದಿಲ್ಲ. ಆದರೆ ಅವುಗಳಲ್ಲಿ ಉತ್ತರ ಮೊದಲೇ ಅಚ್ಚಾಗಿರುತ್ತದೆ, ಸೂರ್ಯನೂ ಎಲ್ಲ ಊರಿಗೂ ಒಬ್ಬನೇ. ನನ್ನ ಮಕ್ಕಳಿಗೆ ಬೇಕಾದದ್ದು ನೆಲಮಂಗಲದ ಸೂರ್ಯ.

ಅವನನ್ನು ಹಿಡಿಯಲು ಒಂದು ಮೀಟರ್ ಉದ್ದದ ಕಡ್ಡಿ ಸಾಕು. ಗಾರೆಯವರ ತೂಗುಗುಂಡು ಇಳಿಬಿಟ್ಟು ನೋಡಿ ಅದನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಈ ನಿಲ್ಲಿಸುವ ಕೆಲಸದಲ್ಲೇ ಒಂದು ಸುಖವಿದೆ. ಕೂದಲೆಳೆಯಷ್ಟು ವಾಲಿದರೂ ಮಕ್ಕಳು ಬಿಡುವುದಿಲ್ಲ. ನಮ್ಮೂರು ಸಮಭಾಜಕದಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ಡಿಸೆಂಬರ್ 22ರ ಸುಮಾರಿಗೆ ನಡುಹಗಲಿನ ನೆರಳು ಉತ್ತರಕ್ಕೆ 74 ಸೆಂ.ಮೀ. ಚಾಚುತ್ತದೆ. ಮಾರ್ಚ್ 21ರ ಹೊತ್ತಿಗೆ 23 ಸೆಂ.ಮೀ.ಗೆ ಇಳಿಯುತ್ತದೆ. ಜೂನ್ 21ಕ್ಕೆ ದಿಕ್ಕೇ ಬದಲಿಸಿ ದಕ್ಷಿಣಕ್ಕೆ 18 ಸೆಂ.ಮೀ. ಬೀಳುತ್ತದೆ. ಸೂರ್ಯ ಯಾವಾಗಲೂ ದಕ್ಷಿಣದ ಕಡೆಗೇ ವಾಲಿರುತ್ತಾನೆ ಎಂದು ನಂಬಿದ್ದ ದೊಡ್ಡವರೂ ಈ ಗೆರೆಯ ಮುಂದೆ ನಿಂತುಬಿಡುತ್ತಾರೆ.

ಹೀಗೆ ದಿಕ್ಕು ಬದಲಿಸುವ ನಡುವೆ ವರ್ಷಕ್ಕೆರಡು ದಿನ ನೆರಳು ಮಾಯವಾಗಬೇಕಲ್ಲ! ಏಪ್ರಿಲ್ 24-25ರದು ಬೇಸಿಗೆ ರಜೆಯಲ್ಲಿ ಹೋಗಿಬಿಡುತ್ತದೆ. ನಮಗೆ ಸಿಗುವುದು ಆಗಸ್ಟ್ 18ರ ಸುಮಾರಿನದು, ಮೋಡ ದಾರಿ ಬಿಟ್ಟರೆ. ಅಂದು ಗಡಿಯಾರ ಹನ್ನೆರಡು ಹೊಡೆದರೂ ಸೂರ್ಯ ನೆತ್ತಿಗೆ ಬರುವುದು 12-24ಕ್ಕೆ. ಮುಖ್ಯ ಕಾರಣ, ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವದ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. “ಮಿಸ್, ನೆರಳು ಎಲ್ಲೋಯ್ತು?” ಎಂದು ಒಬ್ಬಳು ಕೂಗಿದರೆ, “ಕಡ್ಡಿ ಕೆಳಗೇ ಐತೆ ಕಣೇ” ಎಂದು ಇನ್ನೊಬ್ಬ ಬಗ್ಗಿ ನೋಡುತ್ತಾನೆ.

ಮಾರ್ಚಿನ ಕಡ್ಡಿಯನ್ನೂ ನೆರಳನ್ನೂ ಅಳತೆಗೆ ತಕ್ಕಂತೆ ಕಾಗದದ ಮೇಲೆ ಬರೆದು, ಎರಡರ ತುದಿಗಳನ್ನೂ ಗೆರೆಯಿಂದ ಕೂಡಿಸಿ, ಕಡ್ಡಿಯ ಮೇಲ್ತುದಿಯಲ್ಲಿ ಕೋನಮಾಪಕ ಇಟ್ಟರೆ 13 ಡಿಗ್ರಿ. ಆಮೇಲೆ ಮಕ್ಕಳನ್ನು ಬೀದಿಗೆ ಕರೆದೊಯ್ದು ತಾರಸಿಗಳ ಮೇಲಿನ ಸೌರಫಲಕ ತೋರಿಸುತ್ತೇನೆ: ಅವು ದಕ್ಷಿಣಕ್ಕೆ ಮುಖ ಮಾಡಿ ಅಷ್ಟೇ ಓರೆಯಾಗಿ ಏಕೆ ಕೂತಿವೆ? ವರ್ಷದ ಸರಾಸರಿ ಬಿಸಿಲು ನೇರ ಬೀಳುವುದು ಆ ಓರೆಗೆ. ನಮ್ಮ ಉತ್ತರಕ್ಕಿರುವ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟಿನ ಸೌರ ಪಾರ್ಕಿನ ಲೆಕ್ಕವೂ ಇಂಥದೊಂದು ಕಡ್ಡಿಯಿಂದಲೇ ಶುರುವಾಗುತ್ತದೆ ಎಂದಾಗ ಅವರ ಮುಖ ನೋಡಬೇಕು.

ಆಷಾಢ ಗಾಳಿಯ ತಿಂಗಳು. ಬೋರ್‌ವೆಲ್ಲಿಗೆ ಹಾಕಿ ಮಿಕ್ಕ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಗಾಳಿಯಂತ್ರದ ರೆಕ್ಕೆಗೆ ಬೇಕಾದ ಬಾಗು ತಾನಾಗಿ ಬಂದಿರುತ್ತದೆ. ಕತ್ತರಿಸಿ, ಮರಳು ಕಾಗದದಲ್ಲಿ ಉಜ್ಜಿ, ಅಚ್ಚಿಗೆ ಸಿಕ್ಕಿಸಿ, ಯಾವ ರೆಕ್ಕೆ ಭಾರವಾಗಿ ಕೆಳಗಿಳಿಯುತ್ತದೋ ಅದನ್ನು ಮತ್ತೆ ಉಜ್ಜುತ್ತಾ ಹೋಗಬೇಕು. ಮೂರೂ ಸಮತೂಗಿ ಎಲ್ಲಿ ಬಿಟ್ಟರೆ ಅಲ್ಲೇ ನಿಂತಾಗ ಆಗುವ ಖುಷಿಯನ್ನು ನಾನು ಯಾವುದಕ್ಕೂ ಬಿಟ್ಟುಕೊಡಲಾರೆ. ಡಿವಿಡಿ ಪ್ಲೇಯರಿನ ತಟ್ಟೆಯನ್ನು ಹೊರದೂಡುವ ಪುಟ್ಟ ಮೋಟಾರನ್ನು ರಬ್ಬರ್ ಬ್ಯಾಂಡಿನಿಂದ ದೊಡ್ಡ ಗಾಲಿಗೆ ಜೋಡಿಸಿದರೆ ಅದೇ ಜನರೇಟರು. ಕೆಂಪು ಎಲ್‌ಇಡಿ ಸುಮಾರು ಎರಡು ವೋಲ್ಟಿಗೇ ಹೊತ್ತಿಕೊಳ್ಳುತ್ತದೆ. ಬಿಳಿಯದಕ್ಕೆ ಮೂರರ ಹತ್ತಿರ ಬೇಕು. ಹಿಮ್ಮುಖವಾಗಿ ತಿರುಗಿಸಿದರೆ ಯಾವುದೂ ಹತ್ತುವುದಿಲ್ಲ. ಏಕೆಂದು ನಾನು ಹೇಳುವುದಿಲ್ಲ, ತಂತಿ ಅದಲುಬದಲು ಮಾಡಿ ಅವರೇ ಕಂಡುಕೊಳ್ಳುತ್ತಾರೆ.

ಈಗ ಕೈಯಲ್ಲಿರುವುದು ಗೋಬರ್ ಗ್ಯಾಸು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದವರು ನಮ್ಮ ಪಕ್ಕದ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರ ಸಗಣಿಯನ್ನೆಲ್ಲ ಒಟ್ಟುಗೂಡಿಸಿ, ಆ ಅನಿಲದಿಂದ ಎಂಜಿನ್ ಓಡಿಸಿ, 1987ರಲ್ಲಿ ಮನೆಗಳಿಗೆ ಬೆಳಕು ಕೊಟ್ಟರು. ಕೊಳವೆಬಾವಿಯ ನೀರನ್ನೂ ಎತ್ತಿದರು. ಸಗಣಿ ಕೊಟ್ಟವರಿಗೆ ಬಗ್ಗಡ ಗೊಬ್ಬರವಾಗಿ ವಾಪಸು ಬರುತ್ತಿತ್ತು. ಇಷ್ಟು ಹತ್ತಿರದ, ಇಷ್ಟು ಘನವಾದ ಕೆಲಸ ಪ್ರತಿ ಮಗುವಿಗೂ ಗೊತ್ತಿರಬೇಕೆಂಬುದು ನನ್ನ ಹಟ.

ನಮ್ಮದು ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಸಗಣಿಗೆ ಸಮ ನೀರು ಕಲಸಿ, ಮುಚ್ಚಳಕ್ಕೆ ನಳಿಕೆ ಕೂರಿಸಿ, ಅದರ ತುದಿಗೆ ಹಳೇ ಟ್ಯೂಬು ಕಟ್ಟಿ ಬಿಸಿಲಿಗಿಟ್ಟಿದ್ದೇವೆ. ಮೊದಲು ತುಂಬುವ ಅನಿಲ ಉರಿಯುವುದಿಲ್ಲ, ಅದರಲ್ಲಿ ಗಾಳಿಯೂ ಇಂಗಾಲದ ಡೈಆಕ್ಸೈಡೂ ಹೆಚ್ಚು. ಅದನ್ನು ಹೊರಬಿಟ್ಟು ಮೀಥೇನ್ ಕೂಡುವವರೆಗೆ ಕಾಯಬೇಕು. ಈ ಕಾಯುವ ದಿನಗಳಲ್ಲೇ ತರಗತಿಯಲ್ಲಿ ವಾದ ಹುಟ್ಟಿತು: ಹೆಚ್ಚು ಗ್ಯಾಸು ಕೊಡುವುದು ಸೀಮೆ ಹಸುವಿನ ಸಗಣಿಯೋ, ಎಮ್ಮೆಯದೋ? ಎರಡೂ ಕಡೆಯವರು ತಮ್ಮ ಕೊಟ್ಟಿಗೆಯ ಪರ ಬಿಟ್ಟುಕೊಡಲಿಲ್ಲ. ಹಾಗಾಗಿ ಎರಡನೇ ಕ್ಯಾನಿಗೆ ನಳಿಕೆ ಕೂರಿಸುತ್ತಿದ್ದೇನೆ. ಮೊದಲಿನದನ್ನು ಖಾಲಿ ಮಾಡಿ, ಎರಡಕ್ಕೂ ಸಗಣಿಯ ತೂಕ, ನೀರು, ಬಿಸಿಲು, ಟ್ಯೂಬು ಎಲ್ಲ ಸಮವಾಗಿಟ್ಟು, ಸೋಮವಾರ ಬೆಳಿಗ್ಗೆ ಒಂದೇ ಹೊತ್ತಿಗೆ ಮುಚ್ಚಳ ಬಿಗಿಯುವುದೆಂದು ಮಕ್ಕಳೇ ತೀರ್ಮಾನಿಸಿದ್ದಾರೆ.