ಅಸ್ತಿಭಾರದ ತಪ್ಪು

ಮನುಷ್ಯನು ಮಾಡುವ ತಪ್ಪುಗಳಲ್ಲಿ ಕೆಲವು ಮಾತಿನಲ್ಲಿ ಹುಟ್ಟಿ ಮಾತಿನಲ್ಲಿಯೇ ಅಡಗುವುವು. ಕೆಲವು ಕಾಗದದ ಮೇಲೆ ಹುಟ್ಟಿ ಅಲ್ಲಿಯೇ ಅಳಿಸಿಹೋಗುವುವು. ಮೂವತ್ತೈದು ವರ್ಷಗಳ ಕಾಲ ಮಕ್ಕಳ ತಪ್ಪುಗಳನ್ನು ಕೆಂಪು ಮಸಿಯಿಂದ ತಿದ್ದಿದ ನನಗೆ ಈ ಎರಡು ಬಗೆಯ ತಪ್ಪುಗಳ ಪರಿಚಯವು ಚೆನ್ನಾಗಿಯೇ ಉಂಟು. ಆದರೆ ಕಲ್ಲು, ಗಾರೆ, ಉಕ್ಕುಗಳಲ್ಲಿ ಮಾಡಿದ ತಪ್ಪನ್ನು ತಿದ್ದುವ ಮಸಿಯು ಯಾವ ಅಂಗಡಿಯಲ್ಲಿಯೂ ದೊರೆಯದು. ಅದನ್ನು ಒಡೆದು ಕಟ್ಟಬೇಕು. ಇಲ್ಲವೆ ಅದರೊಡನೆ ಬಾಳಬೇಕು. ಅಂತಹದೊಂದು ತಪ್ಪಿನಲ್ಲಿ ನನ್ನ ಪಾಲೂ ಇರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ನಮ್ಮ ಶಿರವಾಳವು ಶಹಾಪುರ ತಾಲೂಕಿನ ಒಂದು ಹಳ್ಳಿ. ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ, ನಡುವೆ ಎರೆಯ ನಾಡು. ಊರಲ್ಲಿ ರಾಷ್ಟ್ರಕೂಟರ ಕಾಲಕ್ಕೆ ಸಲ್ಲುವ ಕಲ್ಲುಗುಡಿಗಳಿವೆ. ಕೆಲವು ಜೀರ್ಣವಾಗಿವೆ, ಕೆಲವು ಇಂದಿಗೂ ನಿಂತಿವೆ. ಗಾರೆಯ ನೆರವಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನು ಕೂರಿಸಿ ಕಟ್ಟಿದ ಆ ಗೋಡೆಗಳ ನೆರಳಿನಲ್ಲಿ ಸಂಜೆಯ ಹೊತ್ತು ಕುಳಿತಾಗ, ಸಾವಿರ ವರ್ಷಗಳ ಹಿಂದಿನ ಆ ಕುಶಲಿಗಳು ನಮಗಿಂತ ಹೆಚ್ಚಾಗಿ ಏನನ್ನು ತಿಳಿದಿದ್ದರೆಂದು ನನ್ನನ್ನು ನಾನೇ ಕೇಳಿಕೊಳ್ಳುವೆನು. ತಾವು ನಿಂತ ನೆಲವನ್ನು ತಿಳಿದಿದ್ದರೆಂಬುದೇ ನನಗೆ ತೋರುವ ಉತ್ತರ.

ನಾನು ಹುಟ್ಟಿದುದು 1964ರಲ್ಲಿ. ಅದೇ ವರ್ಷದ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿಟ್ಟರು. “ನೀನೂ ಆಲಮಟ್ಟಿ ಡ್ಯಾಮೂ ಒಂದೇ ವಾರಿಗಿ” ಎಂದು ನಮ್ಮ ತಂದೆಯವರು ಹಾಸ್ಯ ಮಾಡುತ್ತಿದ್ದರು. ಆ ವಾರಿಗೆಯವನಾದ ನಾನು ಓದಿ, ಮಾಸ್ತರನಾಗಿ, ಅರವತ್ತು ತುಂಬಿ ನಿವೃತ್ತನೂ ಆದೆನು. ಯೋಜನೆಯು ಇನ್ನೂ ಪೂರ್ಣವಾಗಿಲ್ಲ. ಆದರೂ ಉಪಕಾರವನ್ನು ಮೊದಲು ಹೇಳುವುದು ಧರ್ಮ. 1982ರಲ್ಲಿ ನಾರಾಯಣಪುರದ ಬಸವಸಾಗರವು ಸಿದ್ಧವಾಗಿ, ಮುಂದೆ ಎಡದಂಡೆಯ ಕಾಲುವೆಯಿಂದ ಶಹಾಪುರ, ಸುರಪುರಗಳ ಹೊಲಗಳಿಗೆ ನೀರು ಹರಿಯಿತು. ಮಳೆ ತಪ್ಪಿದ ವರ್ಷ ಗಂಟು ಕಟ್ಟಿಕೊಂಡು ಗುಳೆ ಹೋಗುತ್ತಿದ್ದ ಎಷ್ಟೋ ಸಂಸಾರಗಳು ಊರಲ್ಲಿಯೇ ನೆಲೆ ನಿಂತವು. ಇದು ಅಲ್ಪವಾದ ಫಲವಲ್ಲ.

ಇನ್ನು ವೆಚ್ಚದ ಮಾತು. ಇದೇ ಯೋಜನೆಯ ಮೂರನೆಯ ಹಂತಕ್ಕೆ 2012ರಲ್ಲಿ ಹಾಕಿದ ಅಂದಾಜು 17,207 ಕೋಟಿ ರೂಪಾಯಿ; 2017ರಲ್ಲಿ ಅದು 51,148 ಕೋಟಿಯಾಯಿತು. ಐದು ವರ್ಷಗಳಲ್ಲಿ ಮೂರು ಪಟ್ಟಿಗೆ ಸಮೀಪ! ಮುಳುಗಡೆಯಾಗುವ ಭೂಮಿಗೆ ಕೊಡತಕ್ಕ ಪರಿಹಾರವು ಏರಿದುದು ಇದಕ್ಕೆ ಮುಖ್ಯ ಕಾರಣ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿಗೆ ಮಿತಗೊಳಿಸಿ ಸರ್ವೋಚ್ಚ ನ್ಯಾಯಾಲಯವು 2000ನೆಯ ಇಸವಿಯಲ್ಲಿ ತೀರ್ಪಿತ್ತಿತು. 2010ರಲ್ಲಿ ನ್ಯಾಯಾಧಿಕರಣವು 524.256 ಮೀಟರಿಗೆ ಒಪ್ಪಿತು. ರಾಜ್ಯರಾಜ್ಯಗಳ ವ್ಯಾಜ್ಯದಲ್ಲಿ ಕಾಲವು ಸವೆಯಿತು. ಸವೆದ ಕಾಲವೆಲ್ಲ ಸಾಲವಾಗಿ ಲೆಕ್ಕದ ಪುಸ್ತಕವನ್ನು ಸೇರಿತು. ಅರ್ಧ ಕಟ್ಟಿದ ಮನೆಯನ್ನು ನಾಲ್ಕು ವರ್ಷ ಮಳೆಗೆ ಬಿಟ್ಟ ಗೃಹಸ್ಥನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ವಿಳಂಬವೂ ಒಂದು ಬಗೆಯ ತಪ್ಪೇ ಸರಿ. ಆದರೆ ಅದನ್ನು ಮಾಡಿದವರು ಇಂಥವರೆಂದು ಬೆರಳು ತೋರುವುದು ಮಾತ್ರ ಕಷ್ಟ.

ನೆಲವನ್ನು ತಿಳಿಯದೆ ಹೋದ ತಪ್ಪು ಇದಕ್ಕಿಂತ ಬೇರೆ. ನಮ್ಮ ಎರೆಮಣ್ಣು ಅನ್ನಪೂರ್ಣೆ. ಬಿಳಿಜೋಳಕ್ಕೂ ಹತ್ತಿಗೂ ಅಂತಹ ಭೂಮಿ ಬೇರೊಂದಿಲ್ಲ. ಆದರೆ ನೀರು ಕುಡಿದರೆ ಅದು ಉಬ್ಬುವುದು, ಒಣಗಿದರೆ ಕುಗ್ಗಿ ಕೈ ತೂರುವಷ್ಟು ಬಿರಿಯುವುದು. ಅದರ ಮೇಲೆ ನೆಟ್ಟಗೆ ಕಾಂಕ್ರೀಟಿನ ಹಾಸು ಹಾಸಿದರೆ, ಕೆಳಗಿನ ಮಣ್ಣು ಉಬ್ಬಿ ಹಾಸನ್ನು ಎತ್ತಿ ಒಡೆದುಬಿಡುವುದು. ಮಲಪ್ರಭೆಯ ಕಾಲುವೆಗಳನ್ನು ತೋಡುವಾಗ ಈ ಸಂಕಟವು ಎದುರಾಯಿತು. ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು ಎರೆಮಣ್ಣಿನ ಸ್ವಭಾವವನ್ನು ವರ್ಷಗಟ್ಟಲೆ ಪರೀಕ್ಷಿಸಿ ಇದಕ್ಕೊಂದು ಉಪಾಯವನ್ನು ಕಂಡರು. ಅಂಟುಳ್ಳುದಾದರೂ ಉಬ್ಬದಿರುವ ಮಣ್ಣನ್ನು ಸುಮಾರು ಒಂದು ಮೀಟರು ದಪ್ಪಕ್ಕೆ ನಡುವೆ ಹಾಸಿ ದಮ್ಮಸು ಮಾಡಿದರೆ, ಕೆಳಗಿನ ಎರೆಯು ತನ್ನ ಹಟವನ್ನು ಬಿಡುವುದೆಂದು ತೋರಿಸಿಕೊಟ್ಟರು. ನೋಡಿರಿ, ಮದ್ದು ಎಷ್ಟು ಸರಳವಾಗಿದೆ! ಮಣ್ಣಿಗೆ ಮಣ್ಣೇ ಔಷಧ. ಆದರೆ ರೋಗವನ್ನು ಅರಿಯದೆ ಮೊದಲೇ ಕಟ್ಟಿದವರು ತೆತ್ತ ದಂಡವು ಮರಳಿ ಬಾರದು.

ಕಟ್ಟಡವು ಸರಿಯಾಗಿದ್ದರೂ ಬಳಕೆಯು ತಪ್ಪಿದರೆ ಹಾನಿಯು ತಪ್ಪದು. ನಮ್ಮ ಕಾಲುವೆಗಳನ್ನು ಲಘು ನೀರಾವರಿಗೆಂದು ಲೆಕ್ಕ ಹಾಕಿದ್ದರು; ಜೋಳ, ಶೇಂಗಾ, ತೊಗರಿಗಳಿಗೆ ಹದವಾಗಿ ನೀರುಣಿಸಬೇಕೆಂಬುದು ಉದ್ದೇಶ. ಆದರೆ ನೀರನ್ನು ಕಂಡ ಕಣ್ಣು ನೆಲ್ಲನ್ನು ಬಯಸಿತು. ಕಾಲುವೆಯ ತಲೆಯಲ್ಲಿದ್ದವರ ಗದ್ದೆಗಳು ತುಂಬಿ ತುಳುಕಿದವು. ಬಾಲದಲ್ಲಿದ್ದವರು ಒಣಗಿದ ತೂಬನ್ನು ನೋಡುತ್ತ ಕುಳಿತರು. ತಲೆಯಲ್ಲಿಯೂ ಸುಖ ನಿಲ್ಲಲಿಲ್ಲ; ನೀರು ಬಸಿಯದ ಹೊಲಗಳು ಜವುಳಾಗಿ, ಸವಳಾಗಿ, ಬಿಳಿಯ ಉಪ್ಪನ್ನು ಮೈಮೇಲೆ ಹೊದ್ದುಕೊಂಡವು. ಮಲಪ್ರಭೆಯ ಸೀಮೆಯಲ್ಲಿ ಬಾರದ ನೀರಿಗೂ ಅಭಿವೃದ್ಧಿಯ ಕರವನ್ನು ಕೇಳಿದುದರಿಂದ ರೈತರು ಸಿಡಿದೆದ್ದು, 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರಕ್ತ ಹರಿದುದನ್ನು ನಮ್ಮ ವಯಸ್ಸಿನವರು ಮರೆತಿಲ್ಲ. ಲೆಕ್ಕದ ತಪ್ಪು ಕೊನೆಗೆ ಯಾರ ಮನೆಯ ಬಾಗಿಲನ್ನು ತಟ್ಟುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನೊಂದು ತಪ್ಪು ಕಟ್ಟುವಾಗ ಆಗುವುದಲ್ಲ. ಕಟ್ಟಿ ಮರೆತಾಗ ಆಗುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿಯು ತುಂಡಾಗಿ ಗೇಟು ಕೊಚ್ಚಿಹೋಯಿತು. ಎಪ್ಪತ್ತು ವರ್ಷ ದುಡಿದ ಸರಪಳಿ! ತುಂಬಿದ ಜಲಾಶಯದ ನೀರನ್ನು ಒತ್ತಡ ಇಳಿಸುವುದಕ್ಕಾಗಿ ಹೊರಗೆ ಬಿಡಬೇಕಾಯಿತು. ಕನ್ನಯ್ಯ ನಾಯ್ಡು ಎಂಬ ವಯೋವೃದ್ಧ ತಜ್ಞರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ತಾತ್ಕಾಲಿಕವಾದ ತಡೆಯನ್ನು ಹರಿಯುವ ನೀರಿನಲ್ಲಿಯೇ ಇಳಿಸಿದರು. ಆ ಸಾಹಸವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಸರಪಳಿಯನ್ನು ಸಕಾಲದಲ್ಲಿ ಬದಲಿಸಿದ್ದರೆ ಸಾಹಸದ ಅಗತ್ಯವೇ ಬೀಳುತ್ತಿರಲಿಲ್ಲ.

ಪರದೇಶದವರು ಇದಕ್ಕೆ ಹೊರತೆಂದು ತಿಳಿಯಬಾರದು. ಅಮೇರಿಕದ ಕ್ಯಾಲಿಫೋರ್ನಿಯದಲ್ಲಿ ಸೇಂಟ್ ಫ್ರಾನ್ಸಿಸ್ ಎಂಬ ಅಣೆಕಟ್ಟನ್ನು ವಿಲಿಯಂ ಮುಲ್‌ಹಾಲೆಂಡ್ ಎಂಬ ಪ್ರಖ್ಯಾತ ಎಂಜಿನಿಯರನು ಕಟ್ಟಿಸಿದನು. 1928ರ ಮಾರ್ಚ್ 12ರಂದು ಅದು ಜಿನುಗುತ್ತಿರುವುದನ್ನು ಸ್ವತಃ ನೋಡಿ, ಭಯವಿಲ್ಲವೆಂದು ಹೇಳಿ ಹೋದನು. ಅದೇ ನಡುರಾತ್ರಿಯ ಸುಮಾರಿಗೆ ಅಣೆಕಟ್ಟು ಒಡೆದು 400ಕ್ಕೂ ಹೆಚ್ಚು ಜನರು ಜಲಸಮಾಧಿಯಾದರು. ಅಣೆಕಟ್ಟಿನ ಬುಡದ ಬಂಡೆಯೇ ದುರ್ಬಲವಾದುದಾಗಿತ್ತು. ವಿಚಾರಣೆಯಲ್ಲಿ ಅವನು ಬೇರೆ ಯಾರ ಮೇಲೆಯೂ ದೋಷವನ್ನು ಹೊರಿಸದೆ ಎಲ್ಲವನ್ನೂ ತನ್ನ ತಲೆಯ ಮೇಲೆಯೇ ಹೊತ್ತುಕೊಂಡನು. ಸತ್ತವರು ಬದುಕಿ ಬರಲಿಲ್ಲ, ನಿಜ. ಆದರೂ ತಪ್ಪನ್ನು ಒಪ್ಪಿಕೊಂಡವನ ಮುಂದೆ ನನ್ನ ತಲೆಯು ಬಾಗುವುದು. ಅದೇಕೆಂದರೆ, ನಾನು ಬಹಳ ಕಾಲ ಒಪ್ಪಿಕೊಂಡಿರಲಿಲ್ಲ.

2009ರಲ್ಲಿ ನಾನು ಒಂದು ಹಳ್ಳಿಯ ಶಾಲೆಯ ಮುಖ್ಯಾಧ್ಯಾಪಕನಾಗಿದ್ದೆನು. ಎರಡು ಕೋಣೆಗಳು ಮಂಜೂರಾಗಿದ್ದವು. ಹಣದ ಪುಸ್ತಕಕ್ಕೆ ನನ್ನ ಸಹಿ ಬೇಕು. ಪಾಯ ತೋಡುತ್ತಿದ್ದ ದಿನ ವೃದ್ಧನಾದ ಒಬ್ಬ ಗೌಂಡಿಯು ನನ್ನನ್ನು ಬದಿಗೆ ಕರೆದು, “ಮಾಸ್ತರ್ರೀ, ಇದು ಎರಿ ಭೂಮಿ ಅದ. ಬ್ಯಾಸಗ್ಯಾಗ ಬಾಯಿ ಬಿಡ್ತದ, ಮಳಿಗಾಲಕ್ಕ ಹೊಟ್ಟಿ ಉಬ್ಬಸ್ತದ. ಗರಸು ಹತ್ತೋತನಕ ಅಗಸ್ರಿ. ಮೂರು ಫೂಟಿಗಿ ಇದು ನಿಲ್ಲಂಗಿಲ್ರೀ” ಎಂದನು. ನಾನು, “ನಕ್ಷಾದಾಗ ಮೂರು ಫೂಟು ಅಂತ ಅದ ಕಾಕಾ. ಮಾರ್ಚ್ ಮುಗಿಯೂದರೊಳಗ ಕೆಲಸ ಮುಗೀಬೇಕು” ಎಂದೆನು. ಅವನು ಮತ್ತೆ ಮಾತಾಡಲಿಲ್ಲ. ನಾನು ಸಹಿ ಮಾಡಿದೆನು.

ಇದರಲ್ಲಿ ನನ್ನನ್ನು ಹೆಚ್ಚಾಗಿ ಚುಚ್ಚುವ ಸಂಗತಿ ಬೇರೊಂದುಂಟು. ನಾನು ಸಂಸ್ಕೃತವನ್ನು ಓದಿದವನು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಹೇಳಿರುವ ಭೂಪರೀಕ್ಷೆಯನ್ನು ಮಕ್ಕಳಿಗೆ ಕಥೆಯಂತೆ ಬಣ್ಣಿಸುತ್ತಿದ್ದೆನು: ಒಂದು ಮೊಳ ಗುಂಡಿ ತೋಡಿ ಅದೇ ಮಣ್ಣಿನಿಂದ ಮುಚ್ಚಬೇಕು, ಮಣ್ಣು ಮಿಕ್ಕರೆ ಉತ್ತಮ, ಸಮನಾದರೆ ಮಧ್ಯಮ, ಸಾಲದಿದ್ದರೆ ಅಧಮ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಬಂದು ನೋಡುವ ಪರೀಕ್ಷೆಯೂ ಅಲ್ಲಿದೆ. ಇಂದಿನ ಎಂಜಿನಿಯರರಿಗೆ ಇಷ್ಟೇ ಸಾಲದು, ನಿಜ. ಎರೆಯ ಗುಣವನ್ನು ಅಳೆಯಲು ಅವರಲ್ಲಿ ಬೇರೆ ಪರೀಕ್ಷೆಗಳಿವೆ. ಆದರೆ ಕಟ್ಟುವ ಮುನ್ನ ನೆಲವನ್ನು ಕೇಳಬೇಕೆಂಬ ವಿವೇಕವು ಎರಡರಲ್ಲಿಯೂ ಒಂದೇ. ಅದನ್ನು ಪಾಠ ಹೇಳಿದ ನಾಲಗೆಯೇ ಗೌಂಡಿಯ ಬಾಯಿ ಮುಚ್ಚಿಸಿತು.

ಎರಡನೆಯ ಮಳೆಗಾಲಕ್ಕೆ ಗೋಡೆಯು ಮೂಲೆಯಿಂದ ಮೂಲೆಗೆ ಸೀಳಿತು. ಬಾಗಿಲುಗಳು ಚೌಕಟ್ಟಿನಲ್ಲಿ ಕೂಡದಾದವು. ಒಂದು ಭಾನುವಾರ ಗಿಲಾವಿನ ದೊಡ್ಡ ಹೆಂಟೆಯು ಮಕ್ಕಳು ಕೂಡುವ ಜಾಗದಲ್ಲಿಯೇ ಬಿದ್ದಿತು. ದೇವರು ದೊಡ್ಡವನು, ಅಂದು ಶಾಲೆಯಿರಲಿಲ್ಲ. ಕೋಣೆಗಳಿಗೆ ಬೀಗ ಬಿತ್ತು. ನಾಲ್ಕು ವರ್ಷ ತರಗತಿಗಳು ಬೇವಿನ ಮರದ ಕೆಳಗೆ ನಡೆದವು. ಆ ಅವಧಿಯಲ್ಲಿ ಏಳನೆಯ ತರಗತಿಯ ಮೂವರು ಹುಡುಗಿಯರನ್ನು, ಬಯಲಲ್ಲಿ ಕೂಡಿಸುವ ಶಾಲೆಗೆ ಕಳಿಸೆವೆಂದು, ಹಿರಿಯರು ಬಿಡಿಸಿದರು. ಒಡೆದ ಕೋಣೆಯ ನಷ್ಟವನ್ನು ಕಡತದಲ್ಲಿ ಬರೆದರು. ಈ ನಷ್ಟವನ್ನು ಯಾವ ಕಡತದಲ್ಲಿಯೂ ಬರೆಯಲಿಲ್ಲ. ಮುಂದೆ ಕೋಣೆಗಳನ್ನು ಮತ್ತೆ ಕಟ್ಟುವಾಗ ಗರಸು ಹತ್ತಿದುದು ಏಳು ಅಡಿಗೆ. ನಾಲ್ಕು ಅಡಿ ಹೆಚ್ಚು ಅಗೆಯುವ ಕೂಲಿಯನ್ನು ಉಳಿಸಲು ಹೋಗಿ ಎರಡು ಕೋಣೆಗಳನ್ನು ಎರಡು ಸಲ ಕಟ್ಟಿದಂತಾಯಿತು.

ಆದುದರಿಂದ ಎರೆಯ ನಾಡಿನಲ್ಲಿ ಮನೆ ಕಟ್ಟುವ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಗರಸು ಸಮೀಪದಲ್ಲಿದ್ದರೆ ಅಲ್ಲಿಯವರೆಗೆ ಪಾಯವನ್ನು ಇಳಿಸಿರಿ. ಬಹಳ ಆಳದಲ್ಲಿದ್ದರೆ, ಬುಡದಲ್ಲಿ ಗಡಿಗೆಯಂತೆ ಉಬ್ಬಿರುವ ಕಾಂಕ್ರೀಟಿನ ಕಂಬಗಳನ್ನು ನೆಲದೊಳಗೆ ಇಳಿಸುವ ಕ್ರಮವೊಂದನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಇಂತಹ ಭೂಮಿಗೆಂದೇ ರೂಪಿಸಿದೆ. ಬಲ್ಲ ಎಂಜಿನಿಯರರನ್ನು ಕೇಳಿರಿ. ಗೋಡೆಯ ಬುಡಕ್ಕೆ ಬಚ್ಚಲಿನ ನೀರು ಇಂಗದಂತೆ ನೋಡಿಕೊಳ್ಳಿರಿ. ಎಲ್ಲಕ್ಕಿಂತ ಮಿಗಿಲಾಗಿ, ಮಣ್ಣಿನಲ್ಲಿ ಕೈ ಹಣ್ಣಾದ ಮುದುಕನೊಬ್ಬನು ಬದಿಗೆ ಕರೆದು ಏನಾದರೂ ಹೇಳಿದರೆ, ನಕ್ಷೆಯನ್ನು ಮಡಿಸಿಟ್ಟು ಒಂದು ಗಳಿಗೆ ಕೇಳಿರಿ.

ಕಳೆದ ವರ್ಷ ಶಹಾಪುರದ ಸಂತೆಯಲ್ಲಿ ಹೆಣ್ಣುಮಗಳೊಬ್ಬಳು ನನ್ನನ್ನು ಗುರುತಿಸಿ ಕಾಲು ಮುಟ್ಟಿ ನಮಸ್ಕರಿಸಿದಳು. ಆ ಮೂವರಲ್ಲಿ ಒಬ್ಬಳು. ಕಂಕುಳಲ್ಲಿ ಕೂಸು. ಕ್ಷೇಮಸಮಾಚಾರವಾದ ಮೇಲೆ, “ಸರ್, ಆ ಕ್ವಾಣಿ ಕಟ್ಟಿದ್ರೇನ್ರಿ?” ಎಂದು ಕೇಳಿದಳು. “ಕಟ್ಟಿದೆವವ್ವಾ, ಈಗ ಗಟ್ಟಿ ಅವ” ಎಂದೆನು. “ಚಲೋ ಆತು ಬಿಡ್ರಿ” ಎಂದು ನಕ್ಕು ಹೊರಟುಹೋದಳು. ತಪ್ಪು ನನ್ನದೆಂದು ಅಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಹೇಳಿದ್ದೇನೆ.