ಭರಣಿಯೊಳಗಿನ ಬಂಗಡೆ

ಸಿಂಧನೂರು ಸೀಮೆಯ ನಮ್ಮ ಮಕ್ಕಳಿಗೆ ಕಡಲೆಂದರೆ ಭೂಪಟದ ನೀಲಿ ಬಣ್ಣ. ಅದನ್ನು ಕಣ್ಣಾರೆ ತೋರಿಸೋಣವೆಂದು ಈ ಸಲದ ಶಾಲಾ ಪ್ರವಾಸವನ್ನು ಕಾರವಾರಕ್ಕೆ ಹೊರಡಿಸಿದೆ. ಕಾಳಿ ನದಿ ಅರಬ್ಬಿ ಸಮುದ್ರ ಸೇರುವ ಜಾಗ ನೋಡುವಂಥದ್ದು. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ಈಚೆ ಕೋಡಿಬಾಗ. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಇರುವುದು ಇಲ್ಲಿಯೇ.

ಅಲ್ಲಿ ಗಾಜಿನ ಭರಣಿಯೊಂದರಲ್ಲಿ ಬಂಗಡೆ ಮೀನು. ಮೇಲೆ ಅಂಟಿಸಿದ ಚೀಟಿಯಲ್ಲಿ ‘ರಾಸ್ಟ್ರೆಲಿಜರ್ ಕನಗುರ್ತ’ ಎಂದಿತ್ತು. ಹುಡುಗರು ಓದಲಾರದೆ ನಕ್ಕರು. “ಎಲ್ಲಾ ಲ್ಯಾಟಿನ್, ಸುಮ್ಮನೆ ಬಾಯಿಪಾಠ ಮಾಡ್ರಪ್ಪಾ” ಎಂದೆ.

ತರಗತಿಯಲ್ಲಿ ಎಂದೂ ಬಾಯಿ ಬಿಡದ, ಕ್ಯಾಂಪಿನ ತೆಲುಗು ಮನೆಯ ಹುಡುಗನೊಬ್ಬ ಮೆಲ್ಲನೆ ಹೇಳಿದ: “ಸರ್, ಕನಗುರ್ತ ಅಂದ್ರ ನಮ್ಮಜ್ಜಿ ಪುಲುಸು ಮಾಡ್ತಾಳ್ರೀ.”

ಉಳಿದವರು ಗೊಳ್ಳೆಂದರು. ನಾನೂ ಗದರಿದೆ. ಮೀನು ತೋರಿಸುತ್ತಿದ್ದ ಸಂಶೋಧಕಿ ಮಾತ್ರ ನಗಲಿಲ್ಲ. “ಹುಡುಗ ಹೇಳಿದ್ದು ಖರೆ ಸರ್” ಎಂದರು. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ವಿಶಾಖಪಟ್ಟಣದ 200 ಮೀನುಗಳ ಚಿತ್ರ, ವಿವರಗಳನ್ನು 1803ರಲ್ಲಿ ಪ್ರಕಟಿಸಿದ. ಅಲ್ಲಿಯ ಜನ ಕರೆಯುತ್ತಿದ್ದ ಹೆಸರುಗಳನ್ನೇ ಬರೆದಿಟ್ಟ. ಮುಂದೆ ಫ್ರಾನ್ಸಿನ ಕುವಿಯೆ ಅದೇ ತೆಲುಗು ಹೆಸರನ್ನು ಈ ಪ್ರಭೇದಕ್ಕೆ ಖಾಯಂ ಮಾಡಿದ.

ಇಂದು ಮೀನಿನ ಚೂರು ಮಾಂಸ ಸಿಕ್ಕರೂ ಸಾಕು, ಅದರ ಡಿಎನ್‌ಎ ಓದಿ ಯಾವ ಮೀನೆಂದು ಹೇಳುತ್ತಾರೆ. ಒಂದೇ ಜೀನಿನ ಸುಮಾರು 650 ಅಕ್ಷರಗಳ ಸಾಲನ್ನು ಹೋಲಿಸಿ ನೋಡುವ ಈ ವಿಧಾನಕ್ಕೆ ಡಿಎನ್‌ಎ ಬಾರ್‌ಕೋಡ್ ಎಂದು ಹೆಸರು. ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಸೂಚಿಸಿದರು. ಇಷ್ಟೆಲ್ಲ ಆದ ಮೇಲೂ ಬಂಗಡೆಯ ಫಲಿತಾಂಶದಲ್ಲಿ ಬರೆಯುವುದು ‘ಕನಗುರ್ತ’ ಎಂದೇ!

ಸಂಜೆ ಮರಳಿನ ಮೇಲೆ ಕುಳಿತಾಗ ಪಾಠ ಮತ್ತೆ ಮೊದಲಿನಿಂದ ಶುರುವಾಯಿತು. ಪ್ಲವಕವೆಂದರೆ ನೀರು ಒಯ್ದತ್ತ ತೇಲುವ ಜೀವಿಗಳು. 1887ರಲ್ಲಿ ಹೆನ್ಸೆನ್ ಅವಕ್ಕೆ ಪ್ಲಾಂಕ್ಟನ್ ಎಂದದ್ದು ‘ಅಲೆಯುವುದು’ ಎಂಬ ಗ್ರೀಕ್ ಮಾತಿನಿಂದ. “ವರ್ಣತಂತು ಯಾವ ಬಣ್ಣ ಸರ್?” ಎಂದಳು ಒಬ್ಬಳು. ಅದಕ್ಕೆ ಸ್ವಂತ ಬಣ್ಣವಿಲ್ಲ. ಬಣ್ಣ ಹಾಕಿದಾಗ ಅದನ್ನು ಚೆನ್ನಾಗಿ ಹೀರಿ ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತಿತ್ತು. 1888ರಲ್ಲಿ ವಾಲ್ಡೆಯರ್ ಕ್ರೋಮೋಸೋಮ್, ಅಂದರೆ ಬಣ್ಣದ ಕಾಯ, ಎಂದು ಕರೆದದ್ದು ಹಾಗೆ. ಮೂವತ್ತು ವರ್ಷ ಈ ಪದಗಳನ್ನು ಬೋರ್ಡಿನ ಮೇಲೆ ಬರೆದು ‘ಎರಡು ಅಂಕದ ಪ್ರಶ್ನೆ’ ಎಂದು ಅಡಿಗೆರೆ ಹಾಕುತ್ತ ಬಂದವನು ನಾನು. ಯಾರೋ ಏನನ್ನೋ ಕಂಡು ಇಟ್ಟ ಹೆಸರುಗಳಿವು ಎಂದು ಒಂದು ದಿನವೂ ಹೇಳಿರಲಿಲ್ಲ.

ಗದರಿದ್ದು ತಪ್ಪಾಯಿತೆಂದು ಎಲ್ಲರೆದುರೇ ಆ ಹುಡುಗನಿಗೆ ಹೇಳಿದೆ. ಅವನು ತಲೆ ತಗ್ಗಿಸಿ ಮರಳು ಕೆದಕುತ್ತ ಕುಳಿತ.

ಊರಿಗೆ ಬಂದ ಮರುವಾರ ನೋಟ್‌ಬುಕ್ಕಿನ ಹಾಳೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. ಅಜ್ಜಿ ಹೇಳಿ ಬರೆಸಿದ ಹನ್ನೊಂದು ಮೀನುಗಳ ಹೆಸರು ಅದರಲ್ಲಿದ್ದವು.