ಕುಷ್ಟಗಿ ದೋಸ್ತನ ಕುತ್ತಿಗೆಯ ಗಂಟು

1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ನಮ್ಮ ಜಿಲ್ಲೆಗೆ ಇದ್ದದ್ದೇ ನಾಲ್ಕು ತಾಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಹಾಸ್ಟೆಲ್ ರೂಮಿನಲ್ಲಿ ನಾವೂ ನಾಲ್ವರು, ತಾಲೂಕಿಗೊಬ್ಬರು.

ಐದನೇ ಸೆಮಿಸ್ಟರಿನಲ್ಲಿ ಕುಷ್ಟಗಿಯವನ ಕುತ್ತಿಗೆಯ ಪಕ್ಕ ಗಂಟು ಎದ್ದಿತು. "ಏನಲೇ ಇದು?" ಅಂದರೆ "ಏ, ನೆಗಡಿದ್ದೈತಿ, ಬಿಡ್ರಲೇ" ಅಂದ. ಎರಡು ತಿಂಗಳು ಮಫ್ಲರ್ ಸುತ್ತಿಕೊಂಡು ಓಡಾಡಿದ. ಈ ಬಿಸಿಲಿಗೆ ಮಫ್ಲರ್! ಕ್ಯಾನ್ಸರ್ ಇರಬಹುದೆಂದು ರಾತ್ರಿಯೆಲ್ಲ ಮೊಬೈಲಿನಲ್ಲಿ ಓದುತ್ತಿದ್ದನಂತೆ. ಕೊನೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿದಾಗ ಬಂದದ್ದು ಟಿಬಿ.

ಕೆಮ್ಮೇ ಇಲ್ಲದವನಿಗೆ ಟಿಬಿ ಹೇಗೆ? ಕೊಪ್ಪಳದವನ ಅಕ್ಕ ಮೆಡಿಕಲ್ ಓದುತ್ತಾರೆ. ಸ್ಲೈಡಿನ ಚಿತ್ರ ತೋರಿಸಿ ಬಿಡಿಸಿ ಹೇಳಿದರು.

ಆ ಗಂಟು ಒಂದು ದುಗ್ಧಗ್ರಂಥಿ. ಅಲಸಂದಿ ಕಾಳಿನ ಆಕಾರ. ಮೈಯಲ್ಲಿ ಸುಮಾರು 600 ಇವೆ. ಉಬ್ಬಿದ ಕಡೆಯಿಂದ ಹಲವು ಸಣ್ಣ ನಾಳಗಳಲ್ಲಿ ದುಗ್ಧರಸ ಒಳಬಂದು, ತಗ್ಗಿನ ಕಡೆಯಿಂದ ಒಂದೆರಡು ನಾಳಗಳಲ್ಲಿ ಹೊರಹೋಗುತ್ತದೆ. "ನಮ್ಮ ಎಡದಂಡೆ ಕಾಲುವೆಗೆ ಉಲ್ಟಾ ಐತಲ್ಲ!" ಅಂದ ಗಂಗಾವತಿಯವ. ನಿಜ, ಅಲ್ಲಿ ಒಂದೇ ಕಾಲುವೆ ಕವಲೊಡೆದು ಹಲವಾಗುತ್ತದೆ. ಇಲ್ಲಿ ಗ್ರಂಥಿಯೊಳಗೆ ಹರಿವು ನಿಧಾನ, ಹಾಗಾಗಿ ತಪಾಸಣೆಗೆ ಸಮಯ ಸಿಗುತ್ತದೆ. ಹೊರಪದರದಲ್ಲಿ ಬಿ ಕೋಶಗಳ ದುಂಡು ಗುಂಪುಗಳು. ಸೋಂಕು ಬಂದರೆ ಅವುಗಳ ನಡುಭಾಗ ತಿಳಿಬಣ್ಣಕ್ಕೆ ತಿರುಗಿ, ಕೋಶಗಳು ಅಲ್ಲಿ ಭರಭರನೆ ಹೆಚ್ಚುತ್ತವೆ. ಅದರ ಕೆಳಗೆ ಟಿ ಕೋಶಗಳ ಜಾಗ. ಡೆಂಡ್ರೈಟಿಕ್ ಕೋಶಗಳು ರೋಗಾಣುವಿನ ತುಣುಕು ತಂದು ತೋರಿಸುವುದು ಅವಕ್ಕೇ. ತಿರುಳಿನಲ್ಲಿ ಮ್ಯಾಕ್ರೊಫೇಜ್ ಮತ್ತು ಪ್ಲಾಸ್ಮಾ ಕೋಶಗಳು.

ಟಿಬಿ ಬ್ಯಾಕ್ಟೀರಿಯಾ ಮೊಂಡು, ಮ್ಯಾಕ್ರೊಫೇಜ್ ನುಂಗಿದರೂ ಸುಲಭಕ್ಕೆ ಸಾಯುವುದಿಲ್ಲ. ಆಗ ಟಿ ಕೋಶಗಳ ಸೂಚನೆಗೆ ಮ್ಯಾಕ್ರೊಫೇಜುಗಳು ಒಟ್ಟುಗೂಡುತ್ತವೆ, ಕೆಲವು ಬೆಸೆದು ದೈತ್ಯ ಕೋಶಗಳಾಗುತ್ತವೆ, ಸುತ್ತ ಗೋಡೆ ಕಟ್ಟುತ್ತವೆ. ನಡುವಿನ ಸತ್ತ ಭಾಗ ಪುಡಿ ಮಾಡಿದ ಪನೀರಿನಂತೆ. ಅವನ ಕುತ್ತಿಗೆಯಲ್ಲಿ ನಮ್ಮ ಕೈಗೆ ಸಿಕ್ಕಿದ್ದು ಈ ಜಗಳ.

ಇನ್ನೊಂದನ್ನು ಮುಚ್ಚಿಡಬಾರದು. ರಿಪೋರ್ಟ್ ಬಂದ ದಿನ ಅವನ ತಟ್ಟೆ, ಲೋಟ ಬೇರೆ ಇಟ್ಟವರು ನಾವೇ. ಅವನು ಏನೂ ಅನ್ನಲಿಲ್ಲ. ಎಕ್ಸ್‌ರೇಯಲ್ಲಿ ಶ್ವಾಸಕೋಶ ಸ್ವಚ್ಛವಿತ್ತು. ಶ್ವಾಸಕೋಶದ ಟಿಬಿ ಸಹ ಹರಡುವುದು ಗಾಳಿಯಿಂದ, ತಟ್ಟೆಯಿಂದಲ್ಲ. ಅಕ್ಕ ಇದನ್ನು ಹೇಳುವಾಗ ಯಲಬುರ್ಗಾದವ ನೆಲ ನೋಡುತ್ತಿದ್ದ, ನಾವೂ ಅಷ್ಟೇ.

ಸರ್ಕಾರಿ ಮಾತ್ರೆ ಪುಕ್ಕಟೆ: ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ನೋಡಿ ಅವನೂ ಹೆದರಿದ, ನಾವೂ ಹೆದರಿದೆವು. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣವಂತೆ. ಮೊದಲ ತಿಂಗಳು ಗಂಟು ಇನ್ನಷ್ಟು ಊದಿತು. ಕೆಲವರಿಗೆ ಹಾಗಾಗುತ್ತದೆ, ಮಾತ್ರೆ ಮಾತ್ರ ಬಿಡಬೇಡ ಅಂದರು ಡಾಕ್ಟರು.

ಈಗ ನಾಲ್ಕನೇ ತಿಂಗಳು. ಗಂಟು ಹುಣಸೆಬೀಜದಷ್ಟಾಗಿದೆ. ನಿನ್ನೆ ಸಂಜೆ ನಾಲ್ವರೂ ಒಂದೇ ಪೇಪರಿನಲ್ಲಿ ಮಂಡಕ್ಕಿ ಮಿರ್ಚಿ ತಿಂದೆವು. ಮಿರ್ಚಿ ಜಾಸ್ತಿ ಹೊಡೆದವ ಅವನೇ.